ಗಾಳಿ ಹೀರುವ ಮಿಷನ್ನು

ನಮ್ಮ ಬೀದಿಯಲ್ಲಿ "ಇವತ್ತು ಏನಡುಗೆ?" ಅಂತ ಯಾರೂ ಯಾರನ್ನೂ ಕೇಳುವುದಿಲ್ಲ. ನಲ್ಲಿಯ ಪಕ್ಕದಲ್ಲಿ ಒಂದು ಕರಿಹಲಗೆ ನೇತುಹಾಕಿದ್ದಾರೆ, ಬೆಳಿಗ್ಗೆ ನೀರಿಗೆ ಹೋದವರು ಓದಿಕೊಂಡು ಬಂದರೆ ಆಯಿತು. ಹುರುಳಿಕಾಳು ಸಾರು ಅಂತ ಬರೆದಿದ್ದರೆ ಇಪ್ಪತ್ತೆರಡು ಮನೆಗೂ ಹುರುಳಿಕಾಳು ಸಾರೇ. ಬರೆಯುವ ಸರದಿ ವಾರಕ್ಕೊಂದು ಮನೆಗೆ. ಯಾಕೆ ಅಂದರೆ ನಮ್ಮೂರಲ್ಲಿ ರುಚಿ ಪಾತ್ರೆಯೊಳಗೆ ನಿಲ್ಲುವುದಿಲ್ಲ, ಹಾಯುತ್ತದೆ. ಮುಚ್ಚಳ ತೆಗೆದ ಸ್ವಲ್ಪ ಹೊತ್ತಿಗೆ ನನ್ನ ಮನೆಯ ಮೆಂತ್ಯದ ಗೊಜ್ಜು ಸಪ್ಪೆಯಾಗಿ, ಅದರ ರುಚಿ ಪಕ್ಕದ ಮನೆಯ ಶಾವಿಗೆ ಪಾಯಸದಲ್ಲಿ ಹೋಗಿ ಕೂತಿರುತ್ತದೆ. ಜಗಳ ಆಡಿ ಆಡಿ ಸಾಕಾಗಿ ಹಿರಿಯರು ಮಾಡಿದ ಏರ್ಪಾಟು ಇದು: ಒಂದು ಬೀದಿ, ಒಂದು ಅಡುಗೆ. ಎಲ್ಲರದ್ದೂ ಒಂದೇ ಆದರೆ ಯಾರ ರುಚಿ ಯಾರ ಮನೆಗೆ ಹೋದರೇನು.

ಹೊರಗಿನವರಿಗೆ ಇದು ತಮಾಷೆ, ನಮಗೆ ಅಭ್ಯಾಸ. ಸಕ್ಕರೆ ಕಾಯಿಲೆಯವರಿಗಂತೂ ಲಾಭವೇ. ಪಾಯಸದ ಪಕ್ಕ ಮುದ್ದೆ ಇಟ್ಟುಕೊಂಡು ಕೂತರೆ ಮುದ್ದೆಯೆಲ್ಲ ಸಿಹಿ, ರಕ್ತ ಪರೀಕ್ಷೆಯಲ್ಲಿ ಮಾತ್ರ ಏನೂ ಏರಿರುವುದಿಲ್ಲ. ಹಾಯುವುದು ರುಚಿಯೊಂದೇ, ಮತ್ತೇನೂ ಅಲ್ಲ. ಫ್ರಿಜ್ಜನ್ನು ನಮ್ಮೂರಲ್ಲಿ ಯಾರೂ ಕೊಂಡಿಲ್ಲ. ಒಂದೇ ಪೆಟ್ಟಿಗೆಯೊಳಗೆ ಹಾಲು, ಹಿಟ್ಟು, ಹುಳಿ ಎಲ್ಲ ಇಟ್ಟು ಬಾಗಿಲು ಹಾಕಿದರೆ ಬೆಳಿಗ್ಗೆ ಕಾಫಿ ಕುಡಿಯುವವರ ಗತಿ ಏನಾಗಬೇಕು ಹೇಳಿ. ರಾತ್ರಿ ಉಳಿದದ್ದನ್ನು ದನಕ್ಕೆ ಹಾಕಿ ಪಾತ್ರೆ ತೊಳೆದಿಟ್ಟುಬಿಡುತ್ತೇವೆ. ಹಾಗಾಗಿ ಕೆಟ್ಟ ಅಡುಗೆ ನೋಡೋಕೆ ಹೇಗಿರುತ್ತೆ ಅನ್ನೋದೇ ನಮ್ಮೂರಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲದವಳು ಸುಮ್ಮನಿರಬೇಕಿತ್ತು, ಸುಮ್ಮನಿರೋದು ನನ್ನ ಜಾಯಮಾನದಲ್ಲೇ ಇಲ್ಲ.

ನನ್ನ ಹೆಸರು ವನಮಾಲಾ. ಬಸ್‌ಸ್ಟ್ಯಾಂಡಿನಲ್ಲಿ ಪಾಸು ಕೊಡುವ ಕಿಟಕಿಯಲ್ಲಿ ಹತ್ತರಿಂದ ಐದರವರೆಗೆ ಕೂರುತ್ತೇನೆ, ಮಧ್ಯೆ ಎರಡು ಗಂಟೆಗೆ ಮನೆಗೆ ಓಡಿಬಂದು ನಮ್ಮತ್ತೆಗೆ ಊಟ ಕೊಟ್ಟು ಹೋಗುತ್ತೇನೆ. ಭಾನುವಾರ ಭಾನುವಾರ ಅಡುಗೆ ವಿಡಿಯೋ ಮಾಡುತ್ತೇನೆ. "ಮಾಲಕ್ಕನ ಒಲೆ" ಅಂತ ಚಾನೆಲ್ಲು. ದುಡ್ಡಿಗಲ್ಲ, ಹುಚ್ಚಿಗೆ. ಮೊಬೈಲನ್ನು ಅಕ್ಕಿ ಡಬ್ಬಿಗೆ ಒರಗಿಸಿ, ಒಗ್ಗರಣೆ ಚಟಪಟ ಅನ್ನುವಾಗ ಹತ್ತಿರ ಹಿಡಿದು, ಒಂದೇ ಸಮ ಮಾತಾಡುತ್ತಾ ಇರುತ್ತೇನೆ. "ನೀನು ಅಡುಗೆ ಮಾಡ್ತೀಯೋ ಹರಟೆ ಹೊಡೀತೀಯೋ?" ಅಂತ ನನ್ನ ಗಂಡ ನಾಗಭೂಷಣ ಕೇಳುತ್ತಾರೆ. ಎರಡೂ ಮಾಡುತ್ತೇನೆ. ಆದರೆ ಹಲಗೆಯಲ್ಲಿ ಬರೆದದ್ದನ್ನು ಬಿಟ್ಟು ಬೇರೆ ಏನೂ ಮಾಡುವ ಹಾಗಿಲ್ಲವಲ್ಲ. ಬೇರೆಯವರ ಚಾನೆಲ್ಲಿನಲ್ಲಿ ಒಂದೇ ತಟ್ಟೆಯಲ್ಲಿ ಎಂಟು ತರಹ ಬಡಿಸಿಕೊಂಡು ಕೂತವರನ್ನು ನೋಡಿದರೆ ವಿಡಿಯೋ ನಿಲ್ಲಿಸಿ ಒಂದೊಂದನ್ನೂ ಎಣಿಸುತ್ತಾ ಕೂರುತ್ತಿದ್ದೆ.

ಹಾಗೆ ನೋಡುತ್ತಾ ನೋಡುತ್ತಾ ಒಂದು ದಿನ ಆ ಮಿಷನ್ನು ಕಣ್ಣಿಗೆ ಬಿತ್ತು. ನಮ್ಮ ಇಸ್ತ್ರಿ ಪೆಟ್ಟಿಗೆಗಿಂತ ಸ್ವಲ್ಪ ಉದ್ದ. ಅಡುಗೆ ತುಂಬಿದ ಪ್ಲಾಸ್ಟಿಕ್ ಚೀಲದ ಬಾಯನ್ನು ಅದರ ತುಟಿಗೆ ಇಟ್ಟು ಮುಚ್ಚಳ ಒತ್ತಿದರೆ ಗುಂಯ್ ಅಂತ ಒಳಗಿನ ಗಾಳಿಯನ್ನೆಲ್ಲ ಹೀರುತ್ತದೆ, ಚೀಲ ತಿಂಡಿಯ ಮೈಗೆ ಅಂಟಿಕೊಳ್ಳುತ್ತದೆ, ಆಮೇಲೆ ಒಂದು ಬಿಸಿ ಪಟ್ಟಿ ಬಾಯನ್ನು ಕರಗಿಸಿ ಮುಚ್ಚುತ್ತದೆ. ಗಾಳಿ ಇಲ್ಲ ಅಂದರೆ ಎಣ್ಣೆ ಮುಗ್ಗುವುದಿಲ್ಲ, ಬೂಸ್ಟು ಹಿಡಿಯುವುದಿಲ್ಲ, ಕ್ರಿಮಿಗಳಿಗೆ ಉಸಿರಾಡಲು ಆಗುವುದಿಲ್ಲ ಅಂತ ಆ ವಿಡಿಯೋದವನು ವಿವರಿಸಿದ. ನಾನು ಕೇಳಿಸಿಕೊಂಡದ್ದು ಒಂದೇ ಮಾತು: ಗಾಳಿ ಇಲ್ಲ. ರುಚಿ ಹಾಯುವುದು ಗಾಳಿಯಲ್ಲಿ ತಾನೆ. ಆ ರಾತ್ರಿ ನಿದ್ದೆ ಬರಲಿಲ್ಲ, ಬೆಳಿಗ್ಗೆ ಆರ್ಡರ್ ಹಾಕಿಬಿಟ್ಟೆ.

ಮಿಷನ್ನು ಪಳಗೋಕೆ ಒಂದು ವಾರ ಹಿಡಿಯಿತು. ಬಿಸಿ ಇರುವಾಗ ಹಾಕಿದರೆ ಆವಿ ಎದ್ದು ಬಾಯಿ ಒದ್ದೆಯಾಗಿ ಅಂಟುವುದಿಲ್ಲ. ರಸ ಜಾಸ್ತಿಯಾದರೆ ಗಾಳಿಯ ಜೊತೆ ರಸವನ್ನೂ ಹೀರಿಕೊಂಡು ಮಿಷನ್ನು ಕೆಮ್ಮುತ್ತದೆ. ಚೀಲದ ಬಾಯಿ ಒಳಗೊಂದು ಮಡಿಚಿದ ಕಾಗದ ಇಟ್ಟರೆ ಎಣ್ಣೆ ಅಲ್ಲೇ ನಿಲ್ಲುತ್ತದೆ. ಇದೆಲ್ಲ ಕಲಿತು, ಹಲಗೆಯಲ್ಲಿ ತೊಗರಿಬೇಳೆ ಸಾರು ಇದ್ದ ದಿನ, ಊರಾಚೆ ತೋಪಿನಲ್ಲಿ ಸ್ಟೌ ಹಚ್ಚಿ ಮಾಡಿದ ಹಾಗಲಕಾಯಿ ಗೊಜ್ಜನ್ನು ಅಲ್ಲೇ ಸೀಲು ಮಾಡಿ ಮನೆಗೆ ತಂದು ಮಧ್ಯಾಹ್ನದವರೆಗೆ ಇಟ್ಟೆ. ಪಕ್ಕದ ಮನೆಯ ಕುಮುದಮ್ಮನ ಸಾರಿಗೆ ಒಂದು ಚೂರೂ ಕಹಿ ಹಾಯಲಿಲ್ಲ. ಚೀಲ ಕತ್ತರಿಸಿ ಅಲ್ಲೇ ನಿಂತುಕೊಂಡು ಗಬಗಬ ತಿಂದೆವು, ನಾನೂ ನನ್ನ ಗಂಡನೂ. ನಮ್ಮ ಹದಿನೇಳು ವರ್ಷದ ಸಂಸಾರದಲ್ಲಿ ಬೀದಿಯವರು ಯಾರೂ ತಿನ್ನದ್ದನ್ನು ನಾವಿಬ್ಬರೇ ತಿಂದದ್ದು ಅದೇ ಮೊದಲು. ನನಗೆ ಅಳು ಬಂತು, ಕಹಿಗಲ್ಲ.

ವಿಡಿಯೋ ಹಾಕಿದೆ. ಊರಿಗೆ ಊರೇ ಮುಗಿಬಿತ್ತು. ಭಾನುವಾರ ಆಯಿತೆಂದರೆ ಬೇರೆ ಬೇರೆ ಬೀದಿಯ ಹೆಂಗಸರು ತಮ್ಮ ತಮ್ಮ ಬೀದಿಯ ಅಡುಗೆಯನ್ನು ನನ್ನ ಮಿಷನ್ನಿನಲ್ಲಿ ಸೀಲು ಮಾಡಿಸಿಕೊಂಡು ಹೋಗಿ ಇನ್ನೊಂದು ಬೀದಿಗೆ ಕೊಟ್ಟ ಮಗಳಿಗೆ, ತಂಗಿಗೆ, ಗೆಳತಿಗೆ ಕಳಿಸುವರು. ನಾನೇ ಮಿಷನ್ನು ಕಂಕುಳಲ್ಲಿ ಇಟ್ಟುಕೊಂಡು ಬೀದಿ ಬೀದಿ ತಿರುಗಿದೆ. ಕುಮುದಮ್ಮನಂತೂ ತನ್ನ ತವರಿನ ಬೀದಿಯ ಅವರೆಕಾಳು ಹುಳಿ ಆರು ಪ್ಯಾಕೆಟ್ ಮಾಡಿಸಿ ಅಟ್ಟದ ಮೇಲೆ ಜೋಡಿಸಿದಳು. "ಮಾಲಾ, ನೀನು ಹೋದ ಜನ್ಮದಲ್ಲಿ ನನ್ನ ತಾಯಿ ಕಣೆ," ಅಂದಳು. ಹೊಗಳಿಕೆ ತಲೆಗೇರೋಕೆ ಇನ್ನೇನು ಬೇಕು.

ಈಗ ನಮ್ಮತ್ತೆ ತುಂಗಮ್ಮನ ವಿಷಯಕ್ಕೆ ಬರುತ್ತೇನೆ. ಎಂಟು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ನಡುಮನೆಯ ಮಂಚ ಹಿಡಿದಿದ್ದಾರೆ. ಅವರ ತವರು ಗಾಣದ ಬೀದಿ. ಊರ ದಿಬ್ಬದ ಮೇಲೆ, ತೊಂಬತ್ತು ಮೆಟ್ಟಿಲು ಹತ್ತಬೇಕು. ಅಲ್ಲಿ ಅವರ ಅಕ್ಕ ಭದ್ರಮ್ಮ ಇದ್ದಾರೆ, ಎಪ್ಪತ್ತೆಂಟು ವರ್ಷ, ಈಗಲೂ ಹುಚ್ಚೆಳ್ಳು ಹುರಿದು ಕುಟ್ಟಿ, ಬೆಳ್ಳುಳ್ಳಿ ಸುರಿದು ಮಾಡುವ ಬದನೆಕಾಯಿ ಎಣ್ಣೆಗಾಯಿಗೆ ಹೆಸರುವಾಸಿ. ಕಾಲಿದ್ದ ದಿನಗಳಲ್ಲಿ ಅತ್ತೆ ತಿಂಗಳಿಗೊಮ್ಮೆ ಮೆಟ್ಟಿಲು ಹತ್ತಿ ಹೋಗಿ ತಿಂದು ಬರುತ್ತಿದ್ದರು. ಬಿದ್ದ ಮೇಲೆ ಅದೂ ನಿಂತಿತು. ಭದ್ರಮ್ಮ ಒಮ್ಮೆ ಡಬ್ಬಿಯಲ್ಲಿ ಹಾಕಿ ಕಳಿಸಿದರು, ದಾರಿಯುದ್ದಕ್ಕೂ ಕಂಡಕಂಡವರ ಅಡುಗೆಗೆ ರುಚಿ ಹಾಯ್ದು, ಇಲ್ಲಿಗೆ ಬರುವ ಹೊತ್ತಿಗೆ ಬೆಂದ ಬದನೆಕಾಯಿ ಮಾತ್ರ ಉಳಿದಿತ್ತು. ಹಾಗಾಗಿ ನಾನು ಮಿಷನ್ನು ಹೊತ್ತು ತೊಂಬತ್ತು ಮೆಟ್ಟಿಲು ಹತ್ತಿ, ಭದ್ರಮ್ಮನ ಅಡುಗೆಮನೆಯಲ್ಲೇ ಸೀಲು ಮಾಡಿ ಒಂದು ಪ್ಯಾಕೆಟ್ ತಂದುಕೊಟ್ಟೆ. ಅತ್ತೆ ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ತಿನ್ನಿ ಅಂದರೆ, "ಇರಲಿ, ಆತುರ ಏನು," ಅಂದು ದಿಂಬಿನ ಪಕ್ಕ ಇಟ್ಟುಕೊಂಡರು.

ನಾಲ್ಕೈದು ದಿನಕ್ಕೆ ಅಲ್ಲೊಂದು ಇಲ್ಲೊಂದು ಪ್ಯಾಕೆಟ್ ಉಬ್ಬತೊಡಗಿತು. ಮೈಗಂಟಿದ ಚೀಲ ಸಡಿಲವಾಗಿ, ಆಮೇಲೆ ಬಲೂನಿನ ಹಾಗೆ ದುಂಡಗಾಯಿತು. ನಮಗೆ ಗೊತ್ತಿದ್ದ ಉಬ್ಬು ಒಂದೇ, ದೋಸೆ ಹಿಟ್ಟಿನದು. ಹಿಟ್ಟು ಉಬ್ಬಿದರೆ ಒಳ್ಳೆಯದು, ಉಬ್ಬದಿದ್ದರೆ ಕೆಟ್ಟದ್ದು. ನಾನು ಭಾನುವಾರ ಕುಮುದಮ್ಮನ ಅಟ್ಟದಿಂದ ಒಂದು ಉಬ್ಬಿದ ಪ್ಯಾಕೆಟ್ ತರಿಸಿ ಮೊಬೈಲಿಗೆ ತೋರಿಸುತ್ತಾ ಹೇಳಿದೆ: "ನೋಡಿ, ರುಚಿ ಒಳಗೆ ಒದ್ದಾಡ್ತಾ ಇದೆ, ಹೊರಗೆ ಬರೋಕೆ ದಾರಿ ಇಲ್ಲ. ಎಷ್ಟು ಉಬ್ಬುತ್ತೋ ಅಷ್ಟು ರುಚಿ ಅಂತ ತಿಳ್ಕೊಳ್ಳಿ. ಆತುರ ಬೇಡ, ಚೆನ್ನಾಗಿ ಉಬ್ಬಲಿ." ಒಂಬತ್ತು ಸಾವಿರ ಜನ ನೋಡಿದರು. ನಮ್ಮತ್ತೆ ಮಂಚದ ಮೇಲಿಂದಲೇ ನೋಡಿದರು.

ಆ ವಿಡಿಯೋ ಕೆಳಗೆ ಸುಗಂಧಿ ಅನ್ನುವ ಯಾರೋ ಹೊರಗಿನ ಊರಿನ ಹೆಂಗಸು ಬರೆದಳು: "ಅಕ್ಕಾ, ಉಬ್ಬಿದ ಪ್ಯಾಕೆಟ್ ತಿನ್ನಬೇಡಿ. ದಯವಿಟ್ಟು ಎಸೆಯಿರಿ." ನನಗೆ ರೇಗಿತು. "ನಮ್ಮೂರ ರುಚಿ ನಿಮಗೇನು ಗೊತ್ತು ತಾಯಿ, ನಿಮ್ಮ ಊರಲ್ಲಿ ಅಡುಗೆಗೆ ಕಾಲೇ ಇಲ್ಲ," ಅಂತ ಉತ್ತರ ಕೊಟ್ಟೆ. ನಾನೂರು ಜನ ಮೆಚ್ಚಿದರು. ಆಕೆ ಬೇಜಾರು ಮಾಡಿಕೊಳ್ಳಲಿಲ್ಲ. ಬುಧವಾರ ಉದ್ದಕ್ಕೆ ಬರೆದಳು. ಆಹಾರ ಪರೀಕ್ಷೆ ಮಾಡುವ ಪ್ರಯೋಗಶಾಲೆಯಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದಾಳಂತೆ. ಗಾಳಿ ತೆಗೆದರೆ ಗಾಳಿ ಬೇಕಾದ ಕ್ರಿಮಿಗಳು ಅಡಗುತ್ತವೆ ಅನ್ನುವುದು ನಿಜ. ಆದರೆ ಗಾಳಿ ಕಂಡರೆ ಆಗದ ಒಂದು ಜಾತಿ ಇದೆ. ಅದರ ಬೀಜ ಮಣ್ಣಿನಿಂದ ತರಕಾರಿಗೆ, ಬೆಳ್ಳುಳ್ಳಿಗೆ ಬರುತ್ತದೆ, ಕುದಿಸಿದರೂ ಸಾಯುವುದಿಲ್ಲ. ಗಾಳಿ ಇಲ್ಲದ, ಹುಳಿ ಕಮ್ಮಿ ಇರುವ, ತೇವ ಇರುವ, ಬೆಚ್ಚಗಿನ ಜಾಗ ಸಿಕ್ಕಿತೋ, ಮೊಳೆತು ವಿಷ ಉಗುಳುತ್ತದೆ. ಆ ಉಬ್ಬು ಅದು ಬಿಟ್ಟ ಗಾಳಿಯೇ ಇರಬಹುದು. ಚಟ್ನಿಪುಡಿ, ಹಪ್ಪಳ, ಒಣಗಿದ್ದು ಏನು ಬೇಕಾದರೂ ಸೀಲು ಮಾಡಿ ಇಡಿ. ಒದ್ದೆ ಅಡುಗೆಯನ್ನು ಮಾತ್ರ ತಣ್ಣಗೆ ಇಡಲು ಆಗದಿದ್ದರೆ ಅವತ್ತೇ ತಿಂದು ಮುಗಿಸಿ. ಆ ವಿಷ ತಿಂದವರಿಗೆ ಮೊದಲು ಕಣ್ಣ ರೆಪ್ಪೆ ಜೋಲುತ್ತದೆ, ಒಂದು ಎರಡಾಗಿ ಕಾಣುತ್ತದೆ, ನಾಲಿಗೆ ತೊದಲುತ್ತದೆ, ಕೊನೆಗೆ ಉಸಿರು ನಿಲ್ಲುತ್ತದೆ. ಇಷ್ಟು ಬರೆದು ಕೊನೆಗೆ, "ನನಗೆ ಉತ್ತರ ಕೊಡಬೇಡಿ ಅಕ್ಕಾ, ಪ್ಯಾಕೆಟ್ ಎಸೆದರೆ ಸಾಕು," ಅಂತ ಹಾಕಿದ್ದಳು.

ಅದನ್ನು ಓದಿದಾಗ ನಾನು ಪಾಸಿನ ಕಿಟಕಿಯಲ್ಲಿದ್ದೆ. ಮುಂದಿನ ಅರ್ಧ ಗಂಟೆಯಲ್ಲಿ ಮೂರು ಜನಕ್ಕೆ ತಪ್ಪು ಊರಿನ ಪಾಸು ಕೊಟ್ಟೆ. ನಾಲ್ಕನೆಯವನು ಬೈದ ಮೇಲೆ ಕಿಟಕಿ ಮುಚ್ಚಿ ಎದ್ದೆ. ಮನೆಗೆ ಬಂದು ನಮ್ಮದೇ ಗೂಡಿನಲ್ಲಿದ್ದ ಕುಂಬಳಕಾಯಿ ಪಲ್ಯದ ಪ್ಯಾಕೆಟ್ಟನ್ನು ಹಿತ್ತಲಿಗೆ ಒಯ್ದು ಸೂಜಿಯಿಂದ ಚುಚ್ಚಿದೆ. ಉಸ್ ಅಂತು. ಅಂಥ ನಾತ ನಾನು ಹುಟ್ಟಿದಾಗಿನಿಂದ ಕುಡಿದಿರಲಿಲ್ಲ. ಅಡುಗೆಮನೆಯಲ್ಲಿ ಮಜ್ಜಿಗೆ ಕುಡಿಯುತ್ತಿದ್ದ ನಾಗಭೂಷಣ ಬಾಯಲ್ಲಿದ್ದದ್ದನ್ನೆಲ್ಲ ಉಗಿದು, "ಇದೇನೇ ಇದು, ಯಾವ ಬೀದಿಯ ಅಡುಗೆ?" ಅಂದರು. ಯಾವ ಬೀದಿಯದೂ ಅಲ್ಲ, ನನ್ನದು.

ಆ ಸಂಜೆಯೇ ತಪ್ಪಾಯಿತು ಅಂತ ವಿಡಿಯೋ ಹಾಕಿದೆ. ಅರವತ್ತೊಂದು ಜನ ನೋಡಿದರು. ಸುಳ್ಳು ಹೇಳಿದಾಗ ಒಂಬತ್ತು ಸಾವಿರ. ಇನ್ನು ಮೊಬೈಲನ್ನು ನಂಬಿಕೊಂಡು ಕೂತರೆ ಆಗದು ಅಂತ ಮೂರು ದಿನ ರಜೆ ಹಾಕಿ, ಗೋಣಿಚೀಲ ಹಿಡಿದು ಮನೆ ಮನೆ ಹತ್ತಿದೆ. ಒಬ್ಬಳು, "ಕೊಟ್ಟ ಕೈಯಲ್ಲೇ ಕಿತ್ಕೊಳ್ತೀಯಲ್ಲ, ಎಂಥ ಹೆಂಗಸು ನೀನು," ಅಂದಳು. ಇನ್ನೊಬ್ಬಳು ಚಿಲಕ ಹಾಕಿಕೊಂಡಳು, ಹಿತ್ತಲಿಂದ ಹೋಗಿ ಕಾಲಿಗೆ ಬಿದ್ದು ತೆಗೆದುಕೊಂಡು ಬಂದೆ. ತಿಂದಾಗಿತ್ತು ಅಂದವರ ಮುಖ ಹಿಡಿದು ರೆಪ್ಪೆ ನೋಡಿದೆ. ನನ್ನ ಪುಣ್ಯ, ಅವರೆಲ್ಲ ಮೊದಲ ದಿನವೇ ತಿಂದು ಮುಗಿಸಿದವರು. ಕುಮುದಮ್ಮ ಆರು ಪ್ಯಾಕೆಟ್ಟನ್ನೂ ತಂದು ನನ್ನ ಕಾಲ ಬಳಿ ಎಸೆದಳು. "ನನ್ನ ತವರಿನ ಅಡುಗೆಯನ್ನ ಗುಂಡಿಗೆ ಹಾಕ್ತೀಯಾ? ಹಾಕು. ಇನ್ಮೇಲೆ ನನ್ನ ಮನೆ ಹೊಸಿಲು ತುಳೀಬೇಡ," ಅಂದಳು. ಊರಾಚೆ ಆಳದ ಗುಂಡಿ ತೋಡಿಸಿ ಎಲ್ಲ ಹೂತು ಸುಣ್ಣ ಸುರಿದೆ. ನಾನು ಹಂಚಿದ ಒದ್ದೆ ಅಡುಗೆಯ ಪ್ಯಾಕೆಟ್ಟುಗಳಲ್ಲಿ ಒಂದು ಮಾತ್ರ ಸಿಗಲಿಲ್ಲ. ಅದು ನನ್ನ ಮನೆಯಲ್ಲೇ ಇತ್ತು.

"ಅತ್ತೆ, ಆ ಎಣ್ಣೆಗಾಯಿ ಎಲ್ಲಿ?"

"ಎಲ್ಲೋ ಇದೆ."

"ಕೊಡಿ ಅತ್ತೆ. ಅದು ಕೆಟ್ಟಿದೆ."

"ನೀನೇ ಹೇಳಿದೆಯಲ್ಲ, ಚೆನ್ನಾಗಿ ಉಬ್ಬಲಿ ಅಂತ. ಉಬ್ತಾ ಇದೆ."

ಸುಗಂಧಿ ಬರೆದದ್ದನ್ನೆಲ್ಲ ಓದಿ ಹೇಳಿದೆ. ರೆಪ್ಪೆ, ನಾಲಿಗೆ, ಉಸಿರು, ಎಲ್ಲ. ಅತ್ತೆ ಗೋಡೆಯ ಕಡೆ ನೋಡುತ್ತಾ ಕೇಳಿಸಿಕೊಂಡರು. "ಮುಗೀತಾ?" ಅಂದರು. "ನಾನು ನನ್ನ ತವರಿನದ್ದು ತಿಂದರೆ ನಿನಗೆ ಮೊದಲಿಂದಲೂ ಆಗಲ್ಲ ಕಣೆ ಮಾಲಾ."

ಅವರು ಯಾವುದನ್ನು ಹೇಳುತ್ತಿದ್ದಾರೆ ಅಂತ ನನಗೆ ಗೊತ್ತಿತ್ತು. ನಾನು ಮದುವೆಯಾಗಿ ಬಂದ ಮೊದಲ ಯುಗಾದಿಗೆ ನನ್ನ ಅಪ್ಪ ಅಮ್ಮ ಬಂದಿದ್ದರು. ಬೀದಿಗೆಲ್ಲ ಹೋಳಿಗೆ. ನಾನು ಕೈ ಸುಟ್ಟುಕೊಂಡು ಮಾಡಿದ ಹೋಳಿಗೆಯನ್ನು ಅಪ್ಪ ಬಾಯಿಗಿಟ್ಟರೆ ಅದು ಬೆಳ್ಳುಳ್ಳಿ ಎಣ್ಣೆಗಾಯಿ. ಅತ್ತೆ ಹಿತ್ತಲ ಕೋಣೆಯ ಬಾಗಿಲು ಹಾಕಿಕೊಂಡು ತಮಗೊಬ್ಬರಿಗೇ ಅಂತ ನಾಲ್ಕೇ ನಾಲ್ಕು ಬದನೆಕಾಯಿ ಮಾಡಿಕೊಂಡಿದ್ದರು. ನಾನು ಇಪ್ಪತ್ತೆರಡರ ಹುಡುಗಿ, ಅವಮಾನಕ್ಕೆ ಬೀದಿಗಿಳಿದು ಕೂಗಾಡಿದೆ. ಬೀದಿಯ ಹೆಂಗಸರೆಲ್ಲ ಸೇರಿ ಅತ್ತೆಯನ್ನು ನಲ್ಲಿಯ ಹತ್ತಿರ ನಿಲ್ಲಿಸಿ ಮಾತಾಡಿದರು. ಅವರು ತಲೆತಗ್ಗಿಸಿ ನಿಂತಿದ್ದರು. ಅವತ್ತಿಂದ ಈ ಮನೆಯಲ್ಲಿ ಅವರು ಎಣ್ಣೆಗಾಯಿ ಅನ್ನುವ ಮಾತೇ ಎತ್ತಲಿಲ್ಲ, ನಾನು ಮಾಡಿದ್ದನ್ನು ಇನ್ನೊಮ್ಮೆ ಹಾಕು ಅಂತಲೂ ಕೇಳಲಿಲ್ಲ. ಬಡಿಸಿದಷ್ಟು ಉಂಡು ಕೈ ತೊಳೆಯುವುದು. ಹದಿನೇಳು ವರ್ಷ.

ತಪ್ಪು ನನ್ನದೇ ಅಂತ ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಅತ್ತೆ ತಲೆಯ ಕೆಳಗಿನ ದಿಂಬು ಸರಿಮಾಡಿಕೊಂಡರು. ಹೊಸದಾಗಿ ಮಾಡಿಸಿ, ಸೀಲು ಮಾಡಿಸಿ, ಅವತ್ತೇ ತಂದುಕೊಡುತ್ತೇನೆ ಅಂತ ತೊಂಬತ್ತು ಮೆಟ್ಟಿಲು ಮತ್ತೆ ಹತ್ತಿದೆ. ಭದ್ರಮ್ಮ ಬಾಗಿಲಲ್ಲೇ ನಿಲ್ಲಿಸಿದರು. "ನನ್ನ ಅಡುಗೆ ವಿಷ ಅಂತ ಊರೆಲ್ಲ ಸಾರಿಕೊಂಡು ಬಂದವಳಿಗೆ ನಾನು ಒಲೆ ಹಚ್ಚಬೇಕಾ? ಅರವತ್ತು ವರ್ಷದಿಂದ ಮಾಡ್ತಿದ್ದೀನಿ, ಒಬ್ಬರಿಗೂ ತಲೆನೋವು ಬಂದಿಲ್ಲ," ಅಂದರು. ಕೆಟ್ಟದ್ದು ಚೀಲದಲ್ಲಿ, ನಿಮ್ಮ ಕೈಯಲ್ಲಲ್ಲ ಅಂತ ಎಷ್ಟು ಹೇಳಿದರೂ ಆ ಮುದುಕಿ ಜಗ್ಗಲಿಲ್ಲ. ಮನೆಗೆ ಬಂದು, ನಾನೇ ಮಾಡಿಕೊಡಲಾ ಅಂತ ಅತ್ತೆಯನ್ನು ಕೇಳಿದೆ. "ನೀನು ಮಾಡಿದರೆ ನಿನ್ನದಾಗುತ್ತೆ, ಅಕ್ಕನದು ಹೇಗಾಗುತ್ತೆ," ಅಂದರು. ಅದೂ ನಿಜ.

ಹುಡುಕದ ಜಾಗವಿಲ್ಲ. ಮಂಚದ ಕೆಳಗೆ, ಟ್ರಂಕಿನಲ್ಲಿ, ಹಾಸಿಗೆ ಬದಲಿಸುವಾಗ ಅದರ ಅಡಿಯಲ್ಲಿ. ನಾಗಭೂಷಣ ಒಮ್ಮೆ ತಾಯಿಯನ್ನು ಗದರಿಸಲು ಹೋದರು. "ನಾನು ಸತ್ತರೆ ಉಂಡು ಸಾಯ್ತೀನಿ, ನಿನಗೇನು?" ಅಂದದ್ದಕ್ಕೆ ಗರಗಸದ ಮಿಲ್ಲಿಗೆ ಹೊತ್ತಾಯಿತು ಅಂತ ಎದ್ದು ಹೋದರು. ಗಂಡಸರಿಗೆ ಯಾವಾಗಲೂ ಎಲ್ಲಿಗಾದರೂ ಹೊತ್ತಾಗಿರುತ್ತದೆ.

ಹಾಗಾಗಿ ನನಗೆ ಉಳಿದದ್ದು ಒಂದೇ ದಾರಿ, ನಾಲಿಗೆ. ಅತ್ತೆ ಆ ಚೀಲ ತೆರೆದರೆ ರುಚಿ ಹಾಯಲೇಬೇಕು, ಹಾಯ್ದರೆ ನನ್ನ ಪಾತ್ರೆಗೆ ಬರಲೇಬೇಕು. ನಾನು ಸಾರಿನ ಪಾತ್ರೆಯ ಮುಂದೆ ಚಮಚ ಹಿಡಿದು ನಿಂತೆ. ಹತ್ತು ನಿಮಿಷಕ್ಕೊಮ್ಮೆ ನೆಕ್ಕಿ ನೋಡುವುದು. ಬೇಳೆ. ಇನ್ನೊಮ್ಮೆ. ಬೇಳೆಯೇ. ಹಲ್ಲುಜ್ಜುವ ಮೊದಲು ನೆಕ್ಕಿದೆ, ಸ್ನಾನದ ಮಧ್ಯೆ ಟವಲು ಸುತ್ತಿಕೊಂಡು ಬಂದು ನೆಕ್ಕಿದೆ. ನನಗೆ ಊಟ ಸೇರುವುದು ನಿಂತೇ ಹೋಯಿತು, ಎಲ್ಲದರಲ್ಲೂ ಬೆಳ್ಳುಳ್ಳಿ ಇದೆಯೇನೋ ಅನ್ನಿಸುವುದು. ರಜೆ ಮುಗಿಯಿತು, ಕೆಲಸಕ್ಕೆ ಹೋಗದೆ ವಿಧಿಯಿಲ್ಲ. ಹತ್ತರಿಂದ ಎರಡರವರೆಗೆ ಮನೆಯಲ್ಲಿ ಅತ್ತೆ ಒಬ್ಬರೇ. ಬಸ್‌ಸ್ಟ್ಯಾಂಡಿನವರೆಗೆ ರುಚಿ ಹಾಯುವುದಿಲ್ಲ.

ಆ ಬೆಳಿಗ್ಗೆ ಮಾನ ಮರ್ಯಾದೆ ಎಲ್ಲ ಬದಿಗಿಟ್ಟು ಮತ್ತೆ ಬೀದಿಗಿಳಿದೆ. ಮೊನ್ನೆ ಪ್ಯಾಕೆಟ್ ಕಿತ್ತುಕೊಂಡು ಬಂದ ಮನೆಗಳಿಗೇ ಹೋಗಿ ಬಾಗಿಲು ತಟ್ಟಿದೆ. "ಸಾರು ಕುದಿಸುವಾಗ ಆಗಾಗ ರುಚಿ ನೋಡ್ತಿರಿ. ಎಣ್ಣೆಗಾಯಿ ಅನ್ನಿಸಿದರೆ ನಮ್ಮತ್ತೆ ಹತ್ತಿರ ಓಡಿ. ಕೈಯಲ್ಲಿರೋದನ್ನ ಕಿತ್ಕೊಳ್ಳಿ. ನನಗೊಂದು ಫೋನ್ ಮಾಡಿ." ಬೀಗದ ಕೈ ನಲ್ಲಿಯ ಹಲಗೆಯ ಮೊಳೆಗೆ ನೇತುಹಾಕಿದೆ. ಕೆಲವರು ಆಗಲಿ ಅಂದರು, ಕೆಲವರು ಸುಮ್ಮನೆ ನೋಡಿದರು. ಕುಮುದಮ್ಮನ ಹೊಸಿಲನ್ನು ತುಳಿಯದೆ ಕೆಳಗೇ ನಿಂತು ಹೇಳಿದೆ. "ನಿನ್ನ ಮನೆ ಕಾಯೋದೇ ನಮಗೆ ಕೆಲಸವಾ?" ಅಂದು ಬಾಗಿಲು ಹಾಕಿಕೊಂಡಳು.

ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಹನ್ನೆರಡೂವರೆಗೆ ಕಿಟಕಿಯ ಮುಂದೆ ಶಾಲೆ ಹುಡುಗಿಯರ ಸಾಲು ನಿಂತಿತ್ತು. ಫೋನು ಬಂತು. ಕುಮುದಮ್ಮ. "ಮಾಲಾ, ಎಣ್ಣೆಗಾಯಿ," ಅಂದಳು. ಇನ್ನೇನೂ ಹೇಳಲಿಲ್ಲ, ಅವಳೂ ಓಡುತ್ತಿದ್ದದ್ದು ಉಸಿರಲ್ಲೇ ಗೊತ್ತಾಯಿತು.

ನಾನು ಚಪ್ಪಲಿ ಮೆಟ್ಟಿದೆನೋ ಇಲ್ಲವೋ ನೆನಪಿಲ್ಲ. ದಾರಿಯಲ್ಲಿ ಯಾರ್ಯಾರಿಗೆ ಗುದ್ದಿದೆನೋ ಗೊತ್ತಿಲ್ಲ. ಅತ್ತೆಗೆ ಏನಾದರೂ ಆದರೆ ಅದು ನನ್ನ ಬಾಯಿಂದ ಆದದ್ದು, ಆ ಒಂಬತ್ತು ಸಾವಿರ ಜನರ ಮುಂದೆ ನಾನೇ ಹೇಳಿ ಕೊಂದದ್ದು ಅನ್ನುವುದೊಂದೇ ತಲೆಯಲ್ಲಿ. ಬೀದಿಗೆ ತಿರುಗಿದರೆ ಎಲ್ಲ ಮನೆಯ ಬಾಗಿಲೂ ತೆರೆದಿವೆ, ಒಳಗೆ ಯಾರೂ ಇಲ್ಲ. ಯಾರದೋ ಹಾಲು ಉಕ್ಕಿ ಒಲೆ ಆರಿದ ವಾಸನೆ. ಎಲ್ಲರೂ ನಮ್ಮ ನಡುಮನೆಯಲ್ಲಿದ್ದರು.

ಕುಮುದಮ್ಮ ಪ್ಯಾಕೆಟ್ಟನ್ನು ಎರಡು ಬೆರಳಲ್ಲಿ ದೂರ ಹಿಡಿದು ನಿಂತಿದ್ದಳು. ಅದರ ಮೂಲೆಯಲ್ಲಿ ಒಂದು ಸಣ್ಣ ತೂತು, ಅಷ್ಟೇ. ಮಂಚದ ಮೇಲೆ ಹರಿದ ದಿಂಬು, ಹತ್ತಿ, ಅಡಕತ್ತರಿ. ಇಷ್ಟು ದಿನ ದಿಂಬಿನ ಹತ್ತಿಯೊಳಗೆ ಹೊಲಿದುಕೊಂಡು ಅದರ ಮೇಲೆ ತಲೆಯಿಟ್ಟು ಮಲಗಿದ್ದರು ಆ ಮಹಾತಾಯಿ. ನಾನು ಅವರ ಗಲ್ಲ ಹಿಡಿದು ರೆಪ್ಪೆ ನೋಡಿದೆ, ನಾಲಿಗೆ ಚಾಚಿ ಅಂದೆ, ಕೈಬೆರಳನ್ನೆಲ್ಲ ಮೂಸಿದೆ. ಎಣ್ಣೆಯ ಹನಿಯೂ ಇರಲಿಲ್ಲ.

"ತಿಂದ್ರಾ ಅತ್ತೆ? ನಿಜ ಹೇಳಿ. ಒಂದು ಚೂರಾದ್ರೂ?"

"ಎಲ್ಲಿ ತಿನ್ನಲಿ," ಅಂದರು. "ಆ ಹಾಳು ಪ್ಲಾಸ್ಟಿಕ್ಕು ಹರೀಲೇ ಇಲ್ಲ. ಅಡಕತ್ತರೀಲಿ ಚುಚ್ಚಿದೆ, ಇಷ್ಟೇ ತೂತಾಯ್ತು. ಕೈಯಲ್ಲಿ ಶಕ್ತಿ ಇಲ್ಲ. ನಾನು ಅದನ್ನ ದೊಡ್ಡದು ಮಾಡೋ ಅಷ್ಟರಲ್ಲಿ ಎಲ್ಲ ಹೊರಟುಹೋಯ್ತು ಕಣೆ. ಬೀದಿಯವರೆಲ್ಲ ತಿಂದ್ರು. ನನಗೇ ಇಲ್ಲ."

ಅಂದವರೇ ಸೆರಗಿನಿಂದ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಸ್ವಂತ ಗಂಡ ತೀರಿಕೊಂಡಾಗಲೂ ಅವರು ಹೀಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ಬದುಕಿಕೊಂಡರಲ್ಲ ಅಂತ ನನಗೆ ಕುಣಿಯುವಷ್ಟು ಸಂತೋಷ, ಅವರ ಅಳು ನೋಡಿ ಎದೆ ಒಡೆಯುವಷ್ಟು ದುಃಖ, ಎರಡೂ ಒಟ್ಟಿಗೆ ಬಂದು ನನ್ನ ಬಾಯಿ ಕಟ್ಟಿಹೋಯಿತು. ನನ್ನ ಬಾಯಿ.

ಕುಮುದಮ್ಮ ಪ್ಯಾಕೆಟ್ಟನ್ನು ಹಿತ್ತಲ ಬಕೆಟ್ಟಿಗೆ ಹಾಕಿ, ಸುಣ್ಣ ಸುರಿದು, ಸೋಪು ಹಾಕಿ ಮೊಣಕೈವರೆಗೆ ಕೈ ತೊಳೆದು, ನನ್ನನ್ನು ತಿರುಗಿಯೂ ನೋಡದೆ ಹೊರಟುಹೋದಳು. ಮುಗಿಯಿತು ಅಂದುಕೊಂಡೆ. ಎರಡು ನಿಮಿಷಕ್ಕೆ ವಾಪಸು ಬಂದಳು, ಕೈಯಲ್ಲಿ ಒಂದು ಬಟ್ಟಲು. ಅವಳ ಮನೆಯ ತೊಗರಿಬೇಳೆ ಸಾರು, ಒಲೆಯ ಮೇಲಿಂದ ಇಳಿಸಿದ್ದು, ಹೊಗೆಯಾಡುತ್ತಿತ್ತು.

"ಬೇಗ ಕುಡೀರಿ ತುಂಗಮ್ಮ," ಅಂದಳು. "ರುಚಿ ಮಾತ್ರ ಹಾಯ್ದು ಇಲ್ಲಿ ಕೂತಿದೆ, ವಿಷವಲ್ಲ. ಮತ್ತೆಲ್ಲಿಗೋ ಹೋಗೋ ಮೊದಲು ಕುಡಿದುಬಿಡಿ."

ಅತ್ತೆ ಸೆರಗು ಸರಿಸಿ ಬಟ್ಟಲನ್ನೇ ನೋಡಿದರು. ನಾನು ಬೆನ್ನಿಗೆ ಕೈಕೊಟ್ಟು ಕೂರಿಸಿದೆ. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಬಾಯೊಳಗೆ ಅತ್ತಿತ್ತ ಆಡಿಸಿದರು. ಅಷ್ಟರಲ್ಲಿ ಮಿಕ್ಕವರೂ ಅರ್ಥ ಮಾಡಿಕೊಂಡು ಓಡಿದ್ದರು. ಎದುರು ಮನೆಯವಳು ಲೋಟದಲ್ಲಿ ತಂದಳು, ಮೂಲೆ ಮನೆಯವಳು ಸೌಟಿನಲ್ಲೇ ಹಿಡಿದುಕೊಂಡು ಚೆಲ್ಲುತ್ತಾ ಬಂದಳು. ಮಂಚದ ಸುತ್ತ ಬಟ್ಟಲು, ಚೊಂಬು, ಟಿಫನ್ ಡಬ್ಬಿಯ ಮುಚ್ಚಳ. ಅತ್ತೆ ಒಂದೊಂದನ್ನೂ ತೆಗೆದು ಕುಡಿದರು, ಯಾರದನ್ನೂ ಬಿಡಲಿಲ್ಲ.

"ಅಕ್ಕನ ಕೈಯೇ," ಅಂದರು. "ಹುಚ್ಚೆಳ್ಳು ಒಂಚೂರು ಜಾಸ್ತಿ ಹುರೀತಾಳೆ, ಅದೇ." ಇನ್ನೊಂದು ಗುಟುಕು ಕುಡಿದರು. ಆಮೇಲೆ ನನ್ನ ಮುಖ ನೋಡಿದರು. "ಕೆಟ್ಟಿದೆ ಕಣೆ ಮಾಲಾ. ಕೊನೇಲಿ ಒಂಥರಾ ಹತ್ತುತ್ತೆ. ನೀನು ಹೇಳಿದ್ದು ನಿಜ."

"ಹಾಗಿದ್ರೆ ಬಿಡಿ ಅತ್ತೆ, ಸಾಕು."

"ಕೆಟ್ಟರೂ ಅವಳದೇ," ಅಂದು ಕೈಯಲ್ಲಿದ್ದ ಬಟ್ಟಲನ್ನು ಖಾಲಿ ಮಾಡಿದರು. ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಪಾತ್ರೆ ತೆಗೆದುಕೊಂಡು ಹೋದರು, ಅವರ ಮಧ್ಯಾಹ್ನದ ಅಡುಗೆಯೆಲ್ಲ ನಮ್ಮ ನಡುಮನೆಯಲ್ಲಿ ಮುಗಿದಿತ್ತು. ಕುಮುದಮ್ಮ ಹೋಗುವಾಗ ಹೊಸಿಲಲ್ಲಿ ನಿಂತು, "ಹೊಸದಾಗಿ ಬೇಳೆ ಇಡಬೇಕು ಇನ್ನು," ಅಂತ ಗೊಣಗಿದಳು, ಬೈಯಲಿಲ್ಲ.

ನಾನು ನೆಲ ಒರೆಸಲು ಬಗ್ಗಿದೆ. ಅತ್ತೆ ಕರೆದರು.

"ನಿನ್ನ ಸಾರು ಎಲ್ಲಿ?"

"ಯಾಕತ್ತೆ?"

"ಇದೇ ಮನೆಯೊಳಗೆ ತೆರೆದದ್ದಲ್ಲವಾ. ನಿನ್ನ ಪಾತ್ರೆಗೇ ಜಾಸ್ತಿ ಹಾಯ್ದಿರುತ್ತೆ. ತಾ."

ಪಾತ್ರೆಯನ್ನೇ ಎತ್ತಿಕೊಂಡು ಬಂದು ಒಂದು ಸೌಟು ಹಾಕಿದೆ. ಕುಡಿದರು. ಬಟ್ಟಲನ್ನು ಕೆಳಗಿಡಲಿಲ್ಲ, ನನ್ನ ಕಡೆಗೆ ಚಾಚಿದರು.

"ಇನ್ನೊಂದು ಸೌಟು ಹಾಕು."

ಹದಿನೇಳು ವರ್ಷದಲ್ಲಿ ಆ ಮಾತು ನಾನು ಕೇಳಿರಲಿಲ್ಲ. ಅವರು ಕೇಳಿದ್ದು ಭದ್ರಮ್ಮನದನ್ನು, ನನ್ನದನ್ನಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಆದರೂ ತಳದಿಂದ ಕಲಕಿ, ಗಟ್ಟಿ ಇದ್ದದ್ದನ್ನು ನೋಡಿ, ಸೌಟು ತುಂಬ ಹಾಕಿದೆ.